ಹಳೆ ಮನೆ ಉಳಿಸಿಕೊಂಡೇ ಹೊಸ ಮನೆ ಕಟ್ಟಬಹುದೇ? ಬಸವನಗುಡಿ, ಮಲ್ಲೇಶ್ವರದ ಲೆಕ್ಕ

ಬೆಂಗಳೂರಿನ ಬಸವನಗುಡಿ ಇರಲಿ, ಮಲ್ಲೇಶ್ವರ ಇರಲಿ, ಈಗ ಯಾವ ಕ್ರಾಸಿಗೆ ಹೋದರೂ ಒಂದು ಹಸಿರು ಬಲೆ ಕಾಣುತ್ತದೆ. ಅದರ ಹಿಂದೆ ಸ್ಟಿಲ್ಟ್ ಮೇಲೆ, ಅಂದರೆ ಕಾರು ನಿಲ್ಲಿಸಲು ಬಿಟ್ಟ ಕಂಬಗಳ ಮೇಲೆ, ನಾಲ್ಕು ಅಂತಸ್ತು ಏಳುತ್ತಿರುತ್ತದೆ. ಪಕ್ಕದಲ್ಲೇ ಮಂಗಳೂರು ಹೆಂಚಿನ ಮಾಡು, ಮಂಕಿ ಟಾಪ್ (ಮೇಲೆ ಮರದ ಪಟ್ಟಿಯ ಚೂಪು ಮಾಡು ಇರುವ) ಕಿಟಕಿಯ ಹಳೆ ಮನೆ ಇನ್ನೂ ನಿಂತಿರುತ್ತದೆ. ಅದು ಎಷ್ಟು ದಿನ ಇರುತ್ತದೋ ಬೀದಿಯವರಿಗೂ ಗೊತ್ತಿಲ್ಲ.

ಈ ವಿಷಯದಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು ಕಡೆಯವರು, "ಇರೋದೇ ಇಷ್ಟು, ಇನ್ನು ಒಂದು ಮನೆಯನ್ನೂ ಕೆಡವಬೇಡಿ" ಅನ್ನುತ್ತಾರೆ. ಇನ್ನೊಂದು ಕಡೆಯವರು, "ಊರಿಗೆ ಮನೆ ಬೇಕು, ಮೆಟ್ರೋ ಪಕ್ಕದಲ್ಲಿ ಒಂದಂತಸ್ತಿನ ಮನೆ ಇಟ್ಟುಕೊಂಡು ಜನರನ್ನು ನಲವತ್ತು ಕಿಲೋಮೀಟರ್ ಆಚೆ ಕಳಿಸೋದು ನ್ಯಾಯವಾ?" ಎಂದು ಕೇಳುತ್ತಾರೆ. ಎರಡೂ ಮಾತು ನಿಜ. 2011ರ ಜನಗಣತಿ ಹೊತ್ತಿಗೇ ಬೆಂಗಳೂರಿನಲ್ಲಿ 84 ಲಕ್ಷ ಜನ ಇದ್ದರು. ಆಮೇಲೆ ಎಷ್ಟು ಬೆಳೆದಿದೆ ಅನ್ನೋದಕ್ಕೆ ಬೆಳಗಿನ ಟ್ರಾಫಿಕ್ಕೇ ಸಾಕ್ಷಿ.

ಆದರೆ ಈ ಜಗಳದಲ್ಲಿ ಯಾರೂ ಒಂದು ಲೆಕ್ಕ ಹಾಕುತ್ತಿಲ್ಲ ಅನ್ನೋದು ನನ್ನ ತಕರಾರು. ಹಳೆ ಮನೆ ಹೋದ ಜಾಗದಲ್ಲಿ ನಿಜವಾಗಿ ಎಷ್ಟು ಮನೆ ಬಂದವು? ಎಷ್ಟು ಜನ ಬಂದರು? ನಮ್ಮ ನಿಯಮಗಳು ಚದರಡಿ ಎಣಿಸುತ್ತವೆ, ಮನೆಗಳನ್ನು ಎಣಿಸುವುದಿಲ್ಲ. ಹಾಗಾಗಿ ಹಳೆಯದೂ ಹೋಗುತ್ತಿದೆ, ಊರಿಗೆ ಬೇಕಾದ ಮನೆಗಳೂ ಸಿಗುತ್ತಿಲ್ಲ.

ಪ್ಲೇಗ್ ಕಟ್ಟಿಸಿದ ಬಡಾವಣೆಗಳು

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಬೀದಿಗಳಲ್ಲಿ ಸಾವಿರಾರು ಜನ ಸತ್ತರು. ಊರಾಚೆ ಹೊಸ ಬಡಾವಣೆ ಮಾಡುವ ಯೋಚನೆ ಮೈಸೂರು ಸರ್ಕಾರಕ್ಕೆ ಮೊದಲೇ ಇತ್ತು. ಪ್ಲೇಗ್ ಬಂದ ಮೇಲೆ ಅದಕ್ಕೆ ವೇಗ ಸಿಕ್ಕಿತು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಬೆಳೆದವು. ನೇರ ರಸ್ತೆ, ದೊಡ್ಡ ಸೈಟು, ಮನೆ ಸುತ್ತ ಖಾಲಿ ಜಾಗ, ಗಾಳಿ ಬೆಳಕು. ಮಲ್ಲೇಶ್ವರದ ಎರಡು ಮುಖ್ಯ ರಸ್ತೆಗಳಿಗೆ ಮರದ ಹೆಸರೇ ಇಟ್ಟರು: ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ, ಅಂದರೆ ಬೇವಿನ ಮರದ ರಸ್ತೆ.

ಆ ಕಾಲಕ್ಕೆ ಜನ ಒತ್ತಾಗಿ ಇದ್ದರೆ ರೋಗ ಅನ್ನುವ ಭಯ ಇತ್ತು. ಸುತ್ತ ಜಾಗ ಬಿಟ್ಟು ಕಟ್ಟಿಸಿದ್ದು ಬರೀ ಅಂದಕ್ಕಲ್ಲ, ಆರೋಗ್ಯಕ್ಕೆ. ಒಳಚರಂಡಿ, ನಲ್ಲಿ ನೀರು, ಲಸಿಕೆ ಬಂದ ಮೇಲೆ ಆ ಕಾರಣದ ತೂಕ ಕಡಿಮೆಯಾಯಿತು. ಹಾಗಾಗಿ "ಮೊದಲು ಹೇಗಿತ್ತೋ ಹಾಗೇ ಇರಲಿ" ಅನ್ನುವ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಈ ಬಡಾವಣೆಗಳಲ್ಲಿ ಸೈಟು ಹಂಚಿದ್ದು ಜಾತಿ, ಸಮುದಾಯ ನೋಡಿ. ಮನೆಗಳ ಹಿಂದೆ ಹಾದುಹೋಗುವ ಸಂದಿಗಳು, ಈಗ ಎಲ್ಲರೂ ಕನ್ಸರ್ವೆನ್ಸಿ ಲೇನ್ ಅನ್ನುತ್ತಾರಲ್ಲ, ಅವು ಇದ್ದದ್ದು ಮಲ ಎತ್ತುವವರು ಮುಂದಿನ ಬೀದಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲಿ ಅಂತ. ಈ ಊರಿನ ಪಾರಂಪರ್ಯದಲ್ಲಿ ಅದೂ ಸೇರಿದೆ. ಉಳಿಸುವಾಗ ಕಥೆಯನ್ನು ಪೂರ್ತಿ ಹೇಳಿ ಉಳಿಸಬೇಕು.

ಹಾಗಾದರೆ ಇಲ್ಲಿ ಉಳಿಸಬೇಕಾದದ್ದು ಏನು? ವಿಧಾನಸೌಧದ ಹಾಗೆ ಒಂದು ದೊಡ್ಡ ಕಟ್ಟಡ ಅಲ್ಲ. ಸಾಲಾಗಿ ನಿಂತ ಸಣ್ಣ ಮನೆಗಳು. ಮೊಣಕಾಲೆತ್ತರದ ಕಾಂಪೌಂಡು, ಜಗಲಿ, ಮರದ ಪಟ್ಟಿ ಇಳಿಬಿಟ್ಟ ಮಂಕಿ ಟಾಪ್, ಮರದ ತೊಲೆ ಮೇಲೆ ಇಟ್ಟಿಗೆ, ಸುಣ್ಣ ಹಾಕಿದ ಮದ್ರಾಸ್ ತಾರಸಿ, ಕೆಂಪು ಗಾರೆಯ ನೆಲ. ಒಂದೊಂದನ್ನೇ ನೋಡಿದರೆ ಅಂಥ ವಿಶೇಷ ಇಲ್ಲ ಅನ್ನಿಸಬಹುದು. ಹತ್ತು ಮನೆ ಒಂದೇ ಸಾಲಿನಲ್ಲಿ ಇದ್ದಾಗ ಬೀದಿಗೆ ಒಂದು ಮುಖ ಬರುತ್ತದೆ. ಮೂರು ಹೋದರೆ ಆ ಮುಖ ಕೆಡುತ್ತದೆ, ಏಳು ಹೋದರೆ ಉಳಿದ ಮೂರನ್ನು ಯಾಕೆ ಉಳಿಸಬೇಕು ಅಂತ ಯಾರಿಗೂ ಹೇಳಲು ಆಗುವುದಿಲ್ಲ.

ಮನೆ ಯಾಕೆ ಬೀಳುತ್ತದೆ

ಬಿಲ್ಡರ್‌ನ ದುರಾಸೆ ಅಂತ ಹೇಳಿಬಿಡುವುದು ಸುಲಭ. ಆದರೆ ಬಹುತೇಕ ಮನೆಗಳು ಬೀಳುವುದು ಮನೆಯೊಳಗಿನ ಲೆಕ್ಕದಿಂದ.

ಅಜ್ಜ ಕಟ್ಟಿಸಿದ ಮನೆ. ಮಕ್ಕಳು ಐದು ಜನ. ಮೊಮ್ಮಕ್ಕಳು ಹನ್ನೆರಡು, ಅದರಲ್ಲಿ ಅರ್ಧ ಜನ ಹೊರದೇಶದಲ್ಲಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಅದು ತುಂಬ ತಡವಾಗಿ ಬಂದ ನ್ಯಾಯ. ಈಗ ಒಂದು ಮನೆಗೆ ಎಂಟು, ಹತ್ತು ಜನ ಹಕ್ಕುದಾರರಿರುವುದು ಮಾಮೂಲು. ಮನೆಯನ್ನು ಹತ್ತು ಭಾಗ ಮಾಡಲು ಆಗದು, ದುಡ್ಡನ್ನು ಮಾಡಬಹುದು, ಫ್ಲ್ಯಾಟುಗಳನ್ನೂ ಮಾಡಬಹುದು. "ಭಾಗ ಆಯ್ತು, ಜೆಡಿಗೆ ಕೊಟ್ವಿ" ಅನ್ನುವ ಮಾತನ್ನು ಈ ಬೀದಿಗಳಲ್ಲಿ ಎಷ್ಟು ಸಲ ಕೇಳುತ್ತೇವೆ, ಅಲ್ವಾ? ಜೆಡಿ ಅಂದರೆ ಜಾಯಿಂಟ್ ಡೆವಲಪ್‌ಮೆಂಟ್. ಜಾಗ ನಮ್ಮದು, ಕಟ್ಟುವುದು ಬಿಲ್ಡರು, ಬಂದ ಫ್ಲ್ಯಾಟುಗಳಲ್ಲಿ ಇಷ್ಟು ನಮಗೆ, ಇಷ್ಟು ಅವರಿಗೆ.

ಇದನ್ನು ಒಂದು ಉದಾಹರಣೆಯಲ್ಲಿ ನೋಡೋಣ. 60×90 ಅಡಿಯ ಸೈಟು, ಅಂದರೆ 5,400 ಚದರಡಿ. ಅದರ ಮೇಲೆ 2,200 ಚದರಡಿಯ ಒಂದಂತಸ್ತಿನ ಹಳೆ ಮನೆ. ಈಗಲೂ ಜಾರಿಯಲ್ಲಿರುವುದು 2007ರಲ್ಲಿ ಒಪ್ಪಿಗೆಯಾದ ಮಹಾಯೋಜನೆ (ಊರಲ್ಲಿ ಎಲ್ಲಿ ಏನು, ಎಷ್ಟು ಕಟ್ಟಬಹುದು ಅನ್ನುವ ನಿಯಮಾವಳಿ), ಜನ 'ಆರ್‌ಎಂಪಿ 2015' ಅನ್ನುವುದು ಇದನ್ನೇ. ಅದರಲ್ಲಿ ಸೈಟಿನ ಅಳತೆ, ರಸ್ತೆಯ ಅಗಲ ನೋಡಿ ಎಫ್‌ಎಆರ್ ಕೊಡುತ್ತಾರೆ. ಎಫ್‌ಎಆರ್ ಅಂದರೆ ಸೈಟಿನ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದು ಅನ್ನುವ ಲೆಕ್ಕ. ಕಡಿಮೆ ಅಂದರೂ 1.75 ಅಂತ ಇಟ್ಟುಕೊಳ್ಳೋಣ. ಆಗ 9,450 ಚದರಡಿ ಕಟ್ಟಬಹುದು. ಸ್ಟಿಲ್ಟ್‌ನಲ್ಲಿ ಕಾರು ನಿಲ್ಲಿಸುವ ಜಾಗ ಇದರ ಮೇಲೆ.

ಹಳೆ ಮನೆಯ 2,200 ಕಳೆದರೆ 7,250 ಚದರಡಿ ಹಕ್ಕು ಸುಮ್ನೆ ಕೂತಿದೆ. ಮನೆಯವರು ಅರ್ಧ ಪಾಲಿಗೆ ಜೆಡಿ ಮಾಡಿಕೊಂಡರೆ ಕೈಯಿಂದ ಒಂದು ರೂಪಾಯಿ ಹಾಕದೆ 4,700 ಚದರಡಿಗೂ ಜಾಸ್ತಿ ಹೊಸ ಮನೆ ಸಿಗುತ್ತದೆ. ಇನ್ನೊಂದು ಕಡೆ ಹಳೆ ಮನೆ ಉಳಿಸಿಕೊಂಡರೆ ಸಿಗುವುದು ಖರ್ಚು ಮಾತ್ರ. ತೊಲೆಗೆ ಗೆದ್ದಲು ಹಿಡಿದಿರುತ್ತದೆ. ತಾರಸಿ ಸೋರುತ್ತದೆ. ಸುಣ್ಣದ ಗಾರೆ ಕೆಲಸ ಬಲ್ಲವರು ಊರಲ್ಲಿ ಬೆರಳೆಣಿಕೆಯಷ್ಟು. ಸಿಕ್ಕ ಮೇಸ್ತ್ರಿ ಸಿಮೆಂಟ್ ಬಳಿದು ಹೋಗುತ್ತಾನೆ. ಸುಣ್ಣದ ಗೋಡೆಯೊಳಗಿನ ತೇವ ಹೊರಗೆ ಬರಲಾರದೆ ಎರಡು ಮಳೆಗಾಲದಲ್ಲಿ ಗೋಡೆ ಉಬ್ಬುತ್ತದೆ. ಆಮೇಲೆ ಇಂಜಿನಿಯರ್ ಬಂದು, "ಇದು ಅಪಾಯ, ಕೆಡವಿಬಿಡಿ" ಅನ್ನುತ್ತಾರೆ.

ಇಂಥ ಕುಟುಂಬಕ್ಕೆ ಹೋಗಿ "ನಿಮ್ಮ ಮನೆ ಊರಿನ ಆಸ್ತಿ, ದಯವಿಟ್ಟು ಉಳಿಸಿ" ಅಂದರೆ ಅದು ಅನ್ಯಾಯ. ಊರಿನ ಸಂತೋಷಕ್ಕೆ ಐದು ಜನ ಅಣ್ಣತಮ್ಮ, ಅಕ್ಕತಂಗಿಯರು ಕೋಟಿಗಟ್ಟಲೆ ಬಿಟ್ಟುಕೊಡಬೇಕು ಅಂತ ಕೇಳಿದ ಹಾಗೆ. ಹಾಗೆ ಬಿಟ್ಟುಕೊಟ್ಟು ಮನೆ ಉಳಿಸಿಕೊಂಡವರೂ ಇದ್ದಾರೆ. ಅವರಿಗೆ ಕೈಮುಗಿಯಬೇಕು. ಆದರೆ ನಗರದ ನೀತಿಯನ್ನು ಅಂಥವರ ತ್ಯಾಗದ ಮೇಲೆ ನಿಲ್ಲಿಸಬಾರದು.

ಕೆಡವಿದ ಮೇಲೆ ಎಷ್ಟು ಮನೆ?

ಅದೇ ಸೈಟಿಗೆ ವಾಪಸ್ ಬರೋಣ. ಕೆಡವಿ 9,450 ಚದರಡಿ ಕಟ್ಟಿದರು. ಈ ಬಡಾವಣೆಗಳಲ್ಲಿ ಜಾಗಕ್ಕೆ ಇರುವ ಬೆಲೆಗೆ ಬಿಲ್ಡರು ಸಣ್ಣ ಮನೆ ಕಟ್ಟುವುದಿಲ್ಲ. ಅಂತಸ್ತಿಗೆ ಒಂದೇ ಫ್ಲ್ಯಾಟ್, ಒಂದೊಂದೂ 2,300 ಚದರಡಿಗೂ ದೊಡ್ಡದು. ಲಿಫ್ಟ್ ನೇರ ಮನೆಯೊಳಗೇ ತೆರೆದುಕೊಳ್ಳುತ್ತದೆ ಅಂತ ಜಾಹೀರಾತು ಬೇರೆ. ನಾಲ್ಕು ಅಂತಸ್ತು, ನಾಲ್ಕು ಮನೆ, ಮನೆಗೆ ಮೂರು ಜನ ಅಂದರೆ ಹನ್ನೆರಡು ಜನ. ಎಂಟು ಕಾರು.

ಒಂದು ಕಾಲಕ್ಕೆ ಆ ಹಳೆ ಒಂದಂತಸ್ತಿನ ಮನೆಯಲ್ಲೂ ಅವಿಭಕ್ತ ಕುಟುಂಬದ ಹತ್ತು ಹನ್ನೆರಡು ಜನ ಇರುತ್ತಿದ್ದರು. ಕಟ್ಟಡ ನಾಲ್ಕು ಪಟ್ಟು ಬೆಳೆಯಿತು, ಜನ ಅಷ್ಟೇ ಇದ್ದಾರೆ. ಇದನ್ನು ವಸತಿ ಸಾಂದ್ರತೆ ಅನ್ನುವುದು ಹೇಗೆ? ಕಾಂಕ್ರೀಟಿನ ಸಾಂದ್ರತೆ ಮಾತ್ರ ಹೆಚ್ಚಿತು. ಬ್ಯಾಂಕಿನ ಗುಮಾಸ್ತರಿಗೆ, ಶಾಲೆಯ ಟೀಚರಿಗೆ, ಗಾಂಧಿಬಜಾರಿನಲ್ಲಿ ಹೂ ಕಟ್ಟುವವರಿಗೆ ಆ ಕಟ್ಟಡದಲ್ಲಿ ಜಾಗ ಇಲ್ಲ. ಅಂಥವರು ಬಾಡಿಗೆಗೆ ಇರುತ್ತಿದ್ದ ಔಟ್‌ಹೌಸು, ವಠಾರದ ಮನೆಗಳೂ ಅದೇ ಕೆಡವುವಿಕೆಯಲ್ಲಿ ಹೋದವು. ಲೆಕ್ಕ ಹಾಕಿದರೆ ಎಷ್ಟೋ ಕಡೆ ಅಗ್ಗದ ಮನೆಗಳ ಸಂಖ್ಯೆ ಕಡಿಮೆಯೇ ಆಗಿರುತ್ತದೆ.

ಇದೇ ಸೈಟನ್ನು ಇನ್ನೊಂದು ರೀತಿ ನೋಡಬಹುದು. ಹಳೆ ಮನೆ ಬೀದಿ ಕಡೆಗಿದೆ. ಹಿಂದೆ ಸುಮಾರು 29 ಅಡಿ ಆಳದ ಹಿತ್ತಿಲು ಇದೆ ಅಂದುಕೊಳ್ಳಿ. ಹಳೆ ಗೋಡೆಯಿಂದ ಆರು ಅಡಿ ಬಿಟ್ಟು, ಹಿಂದಿನ ಎಲ್ಲೆಯಿಂದ ಐದು ಅಡಿ ಬಿಟ್ಟು, 48×18 ಅಡಿಯ ಸಣ್ಣ ಕಟ್ಟಡ ಎಬ್ಬಿಸಬಹುದು. ನಾಲ್ಕು ಅಂತಸ್ತು, ಅಂತಸ್ತಿಗೆ 860 ಚದರಡಿಯ ಒಂದು ಮನೆ. ಮುಂದಿನ ಹಳೆ ಮನೆ ರಿಪೇರಿಯಾಗಿ, ಬೇಕಿದ್ದರೆ ಎರಡಾಗಿ ಉಳಿಯುತ್ತದೆ. ಒಟ್ಟು ಐದು ಅಥವಾ ಆರು ಮನೆ. ಕೆಡವಿ ಕಟ್ಟಿದ್ದಕ್ಕಿಂತ ಜಾಸ್ತಿ! ಬೀದಿಯ ಮುಖವೂ ಉಳಿಯಿತು. ಕಟ್ಟಿದ್ದು 5,650 ಚದರಡಿ ಮಾತ್ರ, ಇನ್ನೂ 3,800 ಚದರಡಿ ಹಕ್ಕು ಮಾಲೀಕರ ಬಳಿ ಉಳಿದಿದೆ. ಅದನ್ನು ಏನು ಮಾಡಬಹುದು ಅನ್ನೋದನ್ನು ಮುಂದೆ ಹೇಳುತ್ತೇನೆ.

ಎಲ್ಲ ಸೈಟೂ ಹೀಗೆ ಒದಗಿಬರುವುದಿಲ್ಲ, ಒಪ್ಪುತ್ತೇನೆ. ಕೆಲವು ಮನೆ ಸೈಟಿನ ನಟ್ಟನಡುವೆ ಇವೆ, ಕೆಲವಕ್ಕೆ ಹಿತ್ತಿಲೇ ಇಲ್ಲ. ಸುಣ್ಣದ ಗೋಡೆಯ ಮನೆ ಮೇಲೆ ಮೂರು ಅಂತಸ್ತು ಏರಿಸಲು ಆಗುವುದಿಲ್ಲ, ಅದು ಅಷ್ಟು ಭಾರ ಹೊರುವುದಿಲ್ಲ. ಪಕ್ಕದಲ್ಲಿ ನೆಲ ಅಗೆದರೆ ಹಳೆ ಗೋಡೆ ಬಿರುಕು ಬಿಡುತ್ತದೆ, ಅದಕ್ಕೆ ಎಚ್ಚರದ ಇಂಜಿನಿಯರಿಂಗ್ ಬೇಕು. ಆದರೆ ದೊಡ್ಡ ಅಡ್ಡಿ ಇರುವುದು ನಿಯಮಗಳಲ್ಲಿ. ಮನೆಗೆ ಇಷ್ಟು ಅಂತ ಕಾರು ನಿಲ್ಲಿಸುವ ಜಾಗ ತೋರಿಸದಿದ್ದರೆ ಪ್ಲಾನ್ ಪಾಸಾಗುವುದಿಲ್ಲ. ಹಳೆ ಮನೆ ಎದುರಿಗಿದ್ದರೆ ಸ್ಟಿಲ್ಟ್‌ಗೆ ಕಾರು ಹೋಗುವುದು ಹೇಗೆ? ಅಲ್ಲಿಗೆ ಕಥೆ ಮುಗಿಯಿತು, ಮನೆ ಕೆಡವಲೇಬೇಕು. ಹಸಿರು ಮಾರ್ಗದ ಮೆಟ್ರೋ ಸಂಪಿಗೆ ರಸ್ತೆಗೆ 2014ರಲ್ಲಿ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ಕಡೆಗೆ 2017ರಲ್ಲಿ ಬಂತು. ನಿಲ್ದಾಣಕ್ಕೆ ನಡೆದು ಹೋಗುವ ದೂರದಲ್ಲಿ ಪಾರ್ಕಿಂಗ್ ಕಡ್ಡಾಯ ಮಾಡುವುದಕ್ಕೆ ಈಗ ಏನು ಕಾರಣ? ಪಾರಂಪರಿಕ ಮನೆ ಉಳಿಸಿಕೊಂಡು ಹಿಂದೆ ಕಟ್ಟುವವರಿಗೆ ಆ ಒಂದು ನಿಯಮ ಸಡಿಲಿಸಿದರೂ ಬಹಳ ಮನೆ ಉಳಿಯುತ್ತವೆ.

ಹಿಂದಿನ ಕನ್ಸರ್ವೆನ್ಸಿ ಸಂದಿಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಎಷ್ಟೋ ಸಂದಿಗಳು ಕಸದ ಜಾಗವಾಗಿವೆ, ಕೆಲವು ಒತ್ತುವರಿಯಾಗಿವೆ. ಮಲ್ಲೇಶ್ವರದಲ್ಲಿ ಅಲ್ಲಲ್ಲಿ ಅವನ್ನು ಚೊಕ್ಕಟ ಮಾಡಿ, ಗೋಡೆಗೆ ಬಣ್ಣ ಹಚ್ಚಿ, ನಡೆಯುವ ದಾರಿ ಮಾಡುವ ಪ್ರಯತ್ನ ನಡೆದಿದೆ. ಒಂದು ಹೆಜ್ಜೆ ಮುಂದೆ ಹೋಗಿ, ಹಿಂದಿನ ಮನೆಗಳಿಗೆ ಅದೇ ಮುಂಬಾಗಿಲಾಗಲಿ. ದೀಪ, ಕಲ್ಲುಹಾಸು, ಚರಂಡಿ ಹಾಕಿದರೆ ಆಯಿತು. ಒಂದು ಕಾಲಕ್ಕೆ ಒಂದು ಸಮುದಾಯವನ್ನು ಕಣ್ಣಿಂದ ಮರೆಮಾಡಲು ಮಾಡಿದ ದಾರಿ ಎಲ್ಲರೂ ಓಡಾಡುವ ಬೀದಿಯಾಗುತ್ತದೆ.

ಕಾನೂನು ಏನು ಹೇಳುತ್ತದೆ

ಕರ್ನಾಟಕದಲ್ಲಿ ಸ್ಮಾರಕಗಳನ್ನು ಕಾಯಲು 1961ರ ಕಾನೂನು ಇದೆ. ಅದರಲ್ಲಿ ಬರುವುದು ದೇವಸ್ಥಾನ, ಕೋಟೆ, ಶಾಸನದಂಥವು. ಬೀದಿಬದಿಯ ಮನೆಗೂ ಅದಕ್ಕೂ ಸಂಬಂಧ ಕಡಿಮೆ. ಮನೆಗಳ ವಿಷಯ ಬರುವುದು ಅದೇ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಡಿ, ಅಂದರೆ ಮಹಾಯೋಜನೆಯ ನಿಯಮಗಳಲ್ಲಿ. 2017ರ ಕೊನೆಯಲ್ಲಿ ಬಂದ 'ಆರ್‌ಎಂಪಿ 2031' ಕರಡಿನಲ್ಲಿ ಊರೊಳಗೆ 12 ಪಾರಂಪರಿಕ ವಲಯ ಗುರುತಿಸಿದ್ದರು. ಬಸವನಗುಡಿ, ಮಲ್ಲೇಶ್ವರ ಎರಡೂ ಅದರಲ್ಲಿದ್ದವು. ಆಮೇಲೆ ಆ ಕರಡನ್ನೇ ವಾಪಸ್ ಪಡೆದರು. ವಲಯಗಳೂ ಅದರ ಜೊತೆಗೇ ಹೋದವು.

ಹಾಗಾಗಿ ಮನೆ ಉಳಿಯುವುದು ಜನ ಕೂಗು ಹಾಕಿದಾಗ ಮಾತ್ರ. ಬೆಂಗಳೂರಿನಲ್ಲಿ ಹೈಕೋರ್ಟ್ ಇರುವ ಅಠಾರಾ ಕಚೇರಿಯನ್ನೇ 1980ರ ದಶಕದಲ್ಲಿ ಕೆಡವಲು ಹೊರಟಿದ್ದರು, ನಾಗರಿಕರು ಕೋರ್ಟಿಗೆ ಹೋಗಿ ಉಳಿಸಿದರು. ಈಗ ಅದರ ಎದುರು ನಿಂತು ಫೋಟೋ ತೆಗೆಸಿಕೊಳ್ಳುವವರಿಗೆ ಇದು ಗೊತ್ತಿರಲಿಕ್ಕಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಇದ್ದ ಮನೆಯನ್ನು 2011ರಲ್ಲಿ ಕೆಡವಲು ಶುರು ಮಾಡಿಯೇ ಬಿಟ್ಟಿದ್ದರು. ಗಲಾಟೆಯಾಗಿ ಕೆಲಸ ನಿಂತಿತು, ಸರ್ಕಾರದ ಸಂಸ್ಥೆ ಅದನ್ನು ಕೊಂಡಿತು, 2016ರಲ್ಲಿ ಅದು ಮ್ಯೂಸಿಯಂ ಆಯಿತು. ಒಳ್ಳೆಯದೇ ಆಯಿತು. ಆದರೆ ದೊಡ್ಡ ಲೇಖಕರು ವಾಸವಿರದ ಮನೆಗಳಿಗೆ ಯಾರು ಕೂಗು ಹಾಕುತ್ತಾರೆ? ಎಲ್ಲವನ್ನೂ ಸರ್ಕಾರ ಕೊಳ್ಳಲೂ ಆಗದು, ಎಲ್ಲವೂ ಮ್ಯೂಸಿಯಂ ಆಗಬೇಕಿಲ್ಲ. ಮನೆ ಮನೆಯಾಗಿಯೇ ಇರಬೇಕು, ಒಳಗೆ ಜನ ಇರಬೇಕು. ಸರ್ಕಾರದ ಕೈಯಲ್ಲಿ ಇದ್ದ ಮಾತ್ರಕ್ಕೆ ಕಟ್ಟಡ ಉಳಿಯುತ್ತದೆ ಅಂತಲೂ ಇಲ್ಲ. ಲಾಲ್‌ಬಾಗಿನ ಕ್ರುಂಬೀಗಲ್ ಹಾಲ್ ವರ್ಷಗಟ್ಟಲೆ ರಿಪೇರಿಗೆ ಕಾದು ಕಾದು 2017ರಲ್ಲಿ ನೆಲಸಮವಾಯಿತು.

ಮುಂಬೈ, ಅಹಮದಾಬಾದ್ ಏನು ಮಾಡಿದವು

ಮುಂಬೈ 1995ರಲ್ಲೇ ಪಾರಂಪರಿಕ ಕಟ್ಟಡಗಳಿಗೆ ನಿಯಮ ತಂದಿತು. ಕಟ್ಟಡಗಳನ್ನು ಮೂರು ದರ್ಜೆ ಮಾಡಿದರು. ಮೊದಲ ದರ್ಜೆಯದನ್ನು ಮುಟ್ಟುವಂತಿಲ್ಲ. ಎರಡನೆಯದರಲ್ಲಿ ಒಳಗಡೆ ಸ್ವಲ್ಪ ಬದಲಾವಣೆಗೆ ಅವಕಾಶ. ಮೂರನೆಯದು ಬೀದಿಯ ನೋಟಕ್ಕೆ ಬೇಕಾದದ್ದು, ಅಲ್ಲಿ ಸಡಿಲ ಜಾಸ್ತಿ. ಬಸವನಗುಡಿಯ ಬಹುತೇಕ ಮನೆಗಳು ಆ ಮೂರನೆಯ ಥರದವು. ಜೊತೆಗೆ ಟಿಡಿಆರ್, ಅಂದರೆ ಬೇರೆಯವರಿಗೆ ವರ್ಗಾಯಿಸಬಹುದಾದ ಕಟ್ಟುವ ಹಕ್ಕಿನ ಪತ್ರ ಕೊಟ್ಟರು. ಮಾಲೀಕರು ತಮ್ಮ ಜಾಗದಲ್ಲಿ ಕಟ್ಟಲಾಗದ ಚದರಡಿಯನ್ನು ಊರಿನ ಬೇರೆ ಕಡೆ ಕಟ್ಟುವವರಿಗೆ ಮಾರಬಹುದು. ಮನೆಯೂ ಉಳಿಯಿತು, ಕೈಗೆ ದುಡ್ಡೂ ಬಂತು.

ಅಹಮದಾಬಾದ್ ಇದನ್ನು ಇನ್ನೂ ಚೆನ್ನಾಗಿ ಹೊಂದಿಸಿಕೊಂಡಿತು. ಅಲ್ಲಿನ ಕೋಟೆಯೊಳಗಿನ ಹಳೆ ಊರಿಗೆ 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಪೋಳ್ ಅನ್ನುವ ಓಣಿಗಳ ಮರದ ಕೆತ್ತನೆಯ ಮನೆಗಳಿಗೂ ಟಿಡಿಆರ್ ಕೊಡುತ್ತಾರೆ. ಬಂದ ದುಡ್ಡು ಮನೆಯ ರಿಪೇರಿಗೆ ಹೋಗಬೇಕು ಅನ್ನುವ ಷರತ್ತು ಅದಕ್ಕೆ ಇದೆ. ಮಾಲೀಕರಿಗೆ ಪರಿಹಾರ ಸಿಕ್ಕಿತು, ಕಟ್ಟಡಕ್ಕೆ ಸುಣ್ಣ ಬಿತ್ತು. ನನಗೆ ತುಂಬ ಹಿಡಿಸಿದ್ದು ಈ ಷರತ್ತೇ.

ಹಣದ ದಾರಿ ತೋರಿಸದೆ ಬರೀ ಪಟ್ಟಿ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೂ ಮುಂಬೈಯೇ ಉದಾಹರಣೆ. 2012ರಲ್ಲಿ ಅಲ್ಲಿ ಪಟ್ಟಿ ದೊಡ್ಡದು ಮಾಡಲು ಹೊರಟಾಗ ಶಿವಾಜಿ ಪಾರ್ಕ್ ಸುತ್ತಲಿನ ನಿವಾಸಿಗಳೇ ವಿರೋಧಿಸಿದರು. ನಮ್ಮ ಕಟ್ಟಡ ಹಳೆಯದಾಗಿದೆ, ರಿಪೇರಿಗೂ ಅನುಮತಿ ಕೇಳುತ್ತಾ ಕೂರಬೇಕಾ ಅನ್ನುವುದು ಅವರ ಭಯ. ಅದನ್ನು ಸ್ವಾರ್ಥ ಅಂತ ತಳ್ಳಿಹಾಕಬಾರದು. ಹೊರೆ ಹೊರುವುದು ಅವರು, ನೋಡಿ ಖುಷಿಪಡುವುದು ನಾವು.

ಹಾಗಾದರೆ ಬೆಂಗಳೂರಿನಲ್ಲೂ ಟಿಡಿಆರ್ ಕೊಟ್ಟುಬಿಟ್ಟರೆ ಮುಗಿಯಿತಾ? ಇಲ್ಲ. ಇಲ್ಲಿ ಸುಮಾರು ಎರಡು ದಶಕದಿಂದ ಟಿಡಿಆರ್ ಇದೆ, ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟುಕೊಟ್ಟವರಿಗೆ ಅಂತ. ಜನರಿಗೆ ಅದರ ಮೇಲೆ ನಂಬಿಕೆ ಇಲ್ಲ. ದುಡ್ಡು ಕೊಡಿ, ಈ ಕಾಗದ ಬೇಡ ಅನ್ನುತ್ತಾರೆ. ಯಾಕೆ ಅಂತ ಸ್ವಲ್ಪ ಬಿಡಿಸಿ ನೋಡಬೇಕು.

ಟಿಡಿಆರ್‌ಗೆ ಬೆಲೆ ಬರುವುದು ಕೊಳ್ಳುವವರಿದ್ದರೆ. ಬಿಲ್ಡರ್‌ಗೆ ಹೆಚ್ಚುವರಿ ಚದರಡಿ ಬೇರೆ ಎಲ್ಲೂ ಸಿಗಬಾರದು, ಆಗ ಮಾತ್ರ ಕೊಳ್ಳುತ್ತಾನೆ. ನಮ್ಮಲ್ಲಿ ಅದು ಮೂರು ಕಡೆ ಸಿಗುತ್ತದೆ. ಒಂದು, ಮಹಾಯೋಜನೆಯ ಎಫ್‌ಎಆರ್ ಅಗಲ ರಸ್ತೆಯ ದೊಡ್ಡ ಸೈಟಿಗೆ 3.25ರವರೆಗೆ ಹೋಗುತ್ತದೆ. ಎರಡು, ಸರ್ಕಾರವೇ ಶುಲ್ಕ ಕಟ್ಟಿಸಿಕೊಂಡು ಪ್ರೀಮಿಯಂ ಎಫ್‌ಎಆರ್ ಮಾರುವ ದಾರಿ ಹಿಡಿದಿದೆ. ಮೂರು, ಕೇಳದೆಯೇ ಜಾಸ್ತಿ ಕಟ್ಟಿದರೆ ಯಾರೂ ಕೆಡವುವುದಿಲ್ಲ. ಹಾಗೆ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಒಪ್ಪಿಕೊಳ್ಳುವ ಅಕ್ರಮ ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ಕೊಟ್ಟಿದ್ದರೂ, ಮುಂದೆ ಯಾವತ್ತೋ ಸಕ್ರಮ ಆಗುತ್ತದೆ ಅನ್ನುವ ಆಸೆ ಎಲ್ಲರಲ್ಲೂ ಇದೆ. ಹೀಗಿರುವಾಗ ಬಸವನಗುಡಿಯ ಹಿರಿಯರೊಬ್ಬರ 3,800 ಚದರಡಿ ಕಾಗದವನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರು?

ಪ್ರೀಮಿಯಂ ಎಫ್‌ಎಆರ್ ಮಾರಲೇಬೇಕಿದ್ದರೆ ಅದರಲ್ಲಿ ಒಂದು ಪಾಲನ್ನು ಪಾರಂಪರಿಕ ಮನೆಗಳ ಟಿಡಿಆರ್ ಮೂಲಕವೇ ಕೊಳ್ಳಬೇಕು ಅನ್ನುವ ನಿಯಮ ಬರಬೇಕು. ಮೊದಲು ಹಳೆ ಮನೆಯ ಮಾಲೀಕರಿಂದ ಕೊಳ್ಳಲಿ, ಉಳಿದದ್ದನ್ನು ಸರ್ಕಾರದಿಂದ ಕೊಳ್ಳಲಿ. ಖಜಾನೆಗೆ ಸ್ವಲ್ಪ ಕಡಿಮೆ ಬರುತ್ತದೆ ನಿಜ. ಪಾರಂಪರ್ಯ ಊರಿನದು ಅಂತ ನಾವು ನಂಬುವುದಾದರೆ ಊರು ಅಷ್ಟನ್ನು ಕೊಡಬೇಕು. ನಗರಪಾಲಿಕೆ ಒಂದು ಟಿಡಿಆರ್ ಬ್ಯಾಂಕ್ ಮಾಡಿ ನಿಗದಿತ ಬೆಲೆಗೆ ತಾನೇ ಕೊಂಡಿಟ್ಟರೆ ಇನ್ನೂ ಸರಿ. ಎಪ್ಪತ್ತು ವರ್ಷದ ವಿಧವೆಯೊಬ್ಬರು ಬ್ರೋಕರುಗಳ ಹಿಂದೆ ಅಲೆಯುವುದು ತಪ್ಪುತ್ತದೆ.

ಎತ್ತರ ಎಲ್ಲಿ ಬೇಕು

ಈ ಚದರಡಿಯೆಲ್ಲ ಹೋಗಿ ಎಲ್ಲಿ ಇಳಿಯಬೇಕು? ಇಲ್ಲಿ ನಾನು ಎತ್ತರದ ಪರ. ಮೆಟ್ರೋ ನಿಲ್ದಾಣದ ಪಕ್ಕ, ಆರ್.ವಿ. ರಸ್ತೆ, ಕೆ.ಆರ್. ರಸ್ತೆಯಂಥ ಅಗಲ ರಸ್ತೆಗಳ ಮೇಲೆ, ಹಳೆ ಗಿರಣಿ, ಗೋದಾಮುಗಳ ಜಾಗದಲ್ಲಿ ಎತ್ತರಕ್ಕೆ ಕಟ್ಟಲಿ. ಬಿನ್ನಿ ಮಿಲ್ ಜಾಗದಲ್ಲಿ ಈಗ ಗೋಪುರಗಳೇ ಎದ್ದಿವೆ. ಸಾವಿರಾರು ಜನ ವಾಸಕ್ಕೆ ಬಂದರು, ಸಾಲು ಮನೆಗಳನ್ನು ಕೆಡವುವ ಪ್ರಸಂಗ ಬರಲಿಲ್ಲ. ಗಿರಣಿ ಕೆಲಸಗಾರರ ನೆನಪಿಗೆ ಅಲ್ಲಿ ಜಾಗ ಸಿಗಲಿಲ್ಲ ಅನ್ನುವುದು ಬೇರೆಯದೇ ಒಂದು ನೋವು.

ಎಫ್‌ಎಆರ್ ಅನ್ನು ರಸ್ತೆಯ ಅಗಲಕ್ಕೆ ಕಟ್ಟಿಹಾಕಿರುವುದು ಕೂಡ ತೊಂದರೆಯೇ. ಹೆಚ್ಚು ಕಟ್ಟಬೇಕು ಅಂದರೆ ರಸ್ತೆ ಅಗಲ ಆಗಬೇಕು ಅನ್ನುವ ಒತ್ತಡ ಬರುತ್ತದೆ. ಅಗಲೀಕರಣದಲ್ಲಿ ಮೊದಲು ಹೋಗುವುದು ಕಾಂಪೌಂಡು, ಜಗಲಿ, ಸಾಲುಮರ. ರಸ್ತೆಗಿಂತ ಮುಖ್ಯವಾಗಿ ನೋಡಬೇಕಾದದ್ದು ನೆಲದಡಿಯ ಪೈಪು. ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಆಗಿ ಬರುತ್ತದೆ. ಹಳೆ ಬಡಾವಣೆಯ ಒಳಚರಂಡಿ ಹಾಕಿದ್ದು ಒಂದಂತಸ್ತಿನ ಮನೆಗಳ ಲೆಕ್ಕದಲ್ಲಿ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾವ ಬೀದಿಯ ಚರಂಡಿ ಎಷ್ಟು ಮನೆ ತಡೆಯುತ್ತದೆ ಅಂತ ನೋಡಿ ಎಫ್‌ಎಆರ್ ಕೊಡುವುದು ಸರಿಯಾದ ದಾರಿ.

ಎಫ್‌ಎಆರ್ ಜೊತೆಗೆ ಮನೆಗಳ ಸಂಖ್ಯೆಗೂ ಒಂದು ಕೆಳಮಿತಿ ಇರಲಿ. ಮೆಟ್ರೋ ಪಕ್ಕದಲ್ಲಿ 9,000 ಚದರಡಿ ಕಟ್ಟುವವರು ಕನಿಷ್ಠ ಎಂಟು ಮನೆ ಕಟ್ಟಲಿ. ನಾಲ್ಕೇ ಮನೆ ಸಾಕು ಅನ್ನುವವರಿಗೆ ಹೆಚ್ಚುವರಿ ಎಫ್‌ಎಆರ್ ಯಾಕೆ ಕೊಡಬೇಕು? ಊರಿಗೆ ಮನೆ ಬೇಕು ಅನ್ನುವುದು ತಾನೇ ಅದನ್ನು ಕೊಡಲು ಇರುವ ಕಾರಣ.

ಇಡೀ ಊರಿಗೆ ಇದ್ದ ಒಂದೇ ಪಾಲಿಕೆ, ಬಿಬಿಎಂಪಿ, ಈಗ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರ ಕೆಳಗೆ ಐದು ಪಾಲಿಕೆಗಳು ಬಂದವು. ಹೊಸ ಮಹಾಯೋಜನೆಯಂತೂ ಆಗಲೇಬೇಕು, ಹಳೆಯದರ ಹೆಸರಿನಲ್ಲೇ 2015 ಇದೆ. ಪಾಲಿಕೆ ಸಣ್ಣದಾದಷ್ಟೂ ಬೀದಿ ಬೀದಿ ಸುತ್ತಿ ಪಟ್ಟಿ ಮಾಡುವುದು ಸುಲಭ. ಪಾರಂಪರಿಕ ಕಟ್ಟಡ ಉಳಿಸಲು ದುಡಿಯುವ ಸಂಸ್ಥೆಯಾದ ಇಂಟ್ಯಾಕ್‌ನ ಬೆಂಗಳೂರು ಶಾಖೆಯವರು ವರ್ಷಗಳಿಂದ ಹಳೆ ಕಟ್ಟಡಗಳನ್ನು ದಾಖಲಿಸುತ್ತಾ ಬಂದಿದ್ದಾರೆ. ಆರ್ಕಿಟೆಕ್ಚರ್ ಕಾಲೇಜಿನ ಮಕ್ಕಳು ಅಳತೆ ನಕ್ಷೆ ಬರೆದಿದ್ದಾರೆ. ಆ ಕೆಲಸವನ್ನು ತೆಗೆದುಕೊಂಡು ವಾರ್ಡಿನ ಜನರ ಮುಂದಿಟ್ಟು, ಮಾಲೀಕರ ಜೊತೆ ಕೂತು ಮಾತಾಡಿ, ಯಾವ ಮನೆಗೆ ಏನು ಸಿಗುತ್ತದೆ ಅಂತ ರೂಪಾಯಿ ಲೆಕ್ಕದಲ್ಲಿ ತೋರಿಸಿ ಪಟ್ಟಿ ಮಾಡಬೇಕು.

ಆದರೆ ಪಟ್ಟಿ ಬರುತ್ತದೆ ಅನ್ನುವ ಸುದ್ದಿಯೇ ಅಪಾಯ. ಪಟ್ಟಿಗೆ ಸೇರುವ ಮೊದಲೇ ಕೆಡವಿಬಿಡೋಣ ಅನ್ನುವ ಆತುರ ಶುರುವಾಗುತ್ತದೆ. ಅದಕ್ಕೆ ಮೊದಲ ದಿನವೇ ಎರಡು ಸಣ್ಣ ಆದೇಶ ಬೇಕು. ಐವತ್ತು ವರ್ಷಕ್ಕಿಂತ ಹಳೆಯ ಮನೆಯನ್ನು ಕೆಡವಲು ಅರ್ಜಿ ಹಾಕಿದರೆ ಅರವತ್ತು ದಿನ ಕಾಯಬೇಕು, ಅಷ್ಟರಲ್ಲಿ ಪಾಲಿಕೆಯ ಇಂಜಿನಿಯರು ಮಾಲೀಕರ ಮನೆಗೇ ಹೋಗಿ ಹಿಂದೆ ಕಟ್ಟುವ ನಕ್ಷೆಯನ್ನೂ ಟಿಡಿಆರ್ ಬೆಲೆಯನ್ನೂ ಬರಹದಲ್ಲಿ ಕೊಡಬೇಕು. ಈ ಅವಧಿಯಲ್ಲಿ ಕೇಳದೆ ಕೆಡವಿದ ಸೈಟಿಗೆ ಪ್ರೀಮಿಯಂ ಎಫ್‌ಎಆರ್ ಆಗಲಿ ಟಿಡಿಆರ್ ಆಗಲಿ ಹತ್ತು ವರ್ಷ ಸಿಗಬಾರದು. ಜೆಡಿ ಪತ್ರಕ್ಕೆ ಸಹಿ ಹಾಕುವ ಮೊದಲು ಐದು ಜನ ಅಣ್ಣತಮ್ಮ ಅಕ್ಕತಂಗಿಯರ ಮುಂದೆ ಎರಡನೆಯ ಒಂದು ಲೆಕ್ಕದ ಹಾಳೆಯೂ ಇರುತ್ತದೆ. ಆರಿಸುವುದು ಅವರಿಗೆ ಬಿಟ್ಟದ್ದು.